ಐದಡಿ ಸಾಲು ಅಂದ್ರೆ ಅಪ್ಪ ಯಾಕೆ ಒಪ್ಪಲ್ಲ?

ಮಂಡ್ಯ ಕಡೆಯ ಕಬ್ಬಿನ ಮನೆಯ ಮಕ್ಕಳು ಎಷ್ಟೋ ಜನ ಈಗ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೀವಿ. ಊರಿಗೆ ದುಡ್ಡು ಕಳಿಸ್ತೀವಿ, ಜೊತೆಗೆ ಒಂದೆರಡು ಕೃಷಿ ವಿಡಿಯೋನೂ ಕಳಿಸ್ತೀವಿ. ಐದಡಿ ಸಾಲು ಮಾಡೋಣ ಅಂದರೆ ಅಪ್ಪ ಕೇಳೋದು ಒಂದೇ: 'ಅಷ್ಟು ಜಾಗ ಖಾಲಿ ಬಿಟ್ಟು ಏನ್ ಬೆಳೆಯೋದು?'

ಲೆಕ್ಕ ಹಾಕಿ ನೋಡೋಣ. ಹಳೇ ಪದ್ಧತಿಯಲ್ಲಿ ಎರಡೂವರೆ, ಮೂರಡಿಗೆ ಒಂದು ಸಾಲು. ಮೂರು ಕಣ್ಣಿನ ತುಂಡುಗಳು ಎಕರೆಗೆ ಸುಮಾರು 16 ಸಾವಿರ, ಅಂದರೆ 48 ಸಾವಿರ ಕಣ್ಣು. ಬಿತ್ತನೆಗೇ ಮೂರು ಟನ್‌ಗೂ ಹೆಚ್ಚು ಕಬ್ಬು ಮಣ್ಣಿಗೆ ಹೋಯ್ತು. ಅದರಲ್ಲಿ ಎಲ್ಲವೂ ಮೊಳೆಯಲ್ಲ. ಮೊಳೆತು ಒಡೆದ ಮರಿಗಳಲ್ಲೂ ಎಷ್ಟೋ ಬೆಳಕಿಗೆ ಕಿತ್ತಾಡಿ ಸಾಯುತ್ತವೆ.

ಈಗ ಐದಡಿ ಸಾಲು, ಗಿಡದಿಂದ ಗಿಡಕ್ಕೆ ಎರಡಡಿ. ಒಂದು ಸಸಿಗೆ ಹತ್ತು ಚದರಡಿ. ಎಕರೆಗೆ 43,560 ಚದರಡಿ, ಹಾಗಾಗಿ 4,356 ಸಸಿ ಸಾಕು. ಒಂದೊಂದು ಬುಡಕ್ಕೆ ಹತ್ತು ಕಬ್ಬು ನಿಂತು, ಒಂದೊಂದು ಕೆಜಿ ತೂಗಿದರೂ 43 ಟನ್ ದಾಟುತ್ತೆ. ಜಾಗ ಖಾಲಿ ಕಾಣೋದು ಮೊದಲ ಕೆಲವು ತಿಂಗಳು ಮಾತ್ರ.

ಆದರೆ ಆ ಹತ್ತು ಕಬ್ಬು ಸುಮ್ನೆ ಬರಲ್ಲ. ಎಂಟು ಹತ್ತು ತಿಂಗಳ ರೋಗವಿಲ್ಲದ ಕಬ್ಬಿನಿಂದ ಕಣ್ಣನ್ನು ಮಾತ್ರ ಚಿಪ್ಪಿನಂತೆ ಕೆತ್ತಿ ತೆಗೀಬೇಕು (ಉಳಿದ ಕಬ್ಬು ಆಲೆಮನೆಗೆ ಹಾಕಬಹುದು, ಇದು ನನಗೆ ತುಂಬಾ ಇಷ್ಟವಾದ ವಿಷಯ). ಶಿಲೀಂಧ್ರನಾಶಕದಲ್ಲಿ ಅದ್ದಿ, ಟ್ರೇನಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ನೆರಳಲ್ಲಿ 25ರಿಂದ 35 ದಿನ ಸಾಕಬೇಕು. ಚಿಪ್ಪಿನಲ್ಲಿ ಆಹಾರ ಕಡಿಮೆ, ಬೇಗ ಒಣಗುತ್ತೆ. ಅದಕ್ಕೇ ನೇರವಾಗಿ ಗದ್ದೆಗೆ ಹಾಕಂಗಿಲ್ಲ.

ನಾಟಿಯಾಗಿ ತಿಂಗಳಿಗೆ ತಾಯಿ ಮೊಳಕೆಯನ್ನು ನೆಲದಿಂದ ಒಂದಿಂಚು ಮೇಲೆ ಕತ್ತರಿಸಬೇಕು ಅಂತಾರೆ. ಮರಿಗಳು ಒಟ್ಟಿಗೆ ಒಡೆದು ಒಂದೇ ಸಮ ಬೆಳೆಯಲಿ ಅಂತ. ಕೈಯಾರೆ ಸಾಕಿದ ಪೈರನ್ನ ಕೊಯ್ಯೋಕೆ ಯಾವ ಅಪ್ಪನಿಗೆ ಮನಸ್ಸು ಬರುತ್ತೆ ಹೇಳಿ?

ಅಪ್ಪನ ಅನುಮಾನದಲ್ಲಿ ಅರ್ಧ ನಿಜವೂ ಇದೆ. ಖಾಲಿ ಜಾಗದಲ್ಲಿ ಕಳೆ ನುಗ್ಗುತ್ತೆ. ಮೊದಲ ಮೂರು ತಿಂಗಳು ಹಿಡಿತ ತಪ್ಪಿದರೆ ಕಬ್ಬು ಮೇಲೇಳಲ್ಲ. ಸಾಲಿನ ನಡುವೆ ಉದ್ದು, ಹೆಸರು, ಅಲಸಂದೆ ಹಾಕಿದರೆ ಕಳೆಯೂ ತಗ್ಗುತ್ತೆ, ಕೈಗೆ ಸ್ವಲ್ಪ ಕಾಸೂ ಬರುತ್ತೆ. ಇನ್ನೊಂದು ನೀರು. ಎಳೆ ಸಸಿಗೆ ಸ್ವಲ್ಪ ಸ್ವಲ್ಪವೇ ಪದೇ ಪದೇ ನೀರು ಬೇಕು. ನಾಲೆ ನೀರು ಸರದಿ ಮೇಲೆ ಬರೋ ಗದ್ದೆಯಲ್ಲಿ ಬೋರ್‌ವೆಲ್ಲೋ ಹೊಂಡವೋ ಇಲ್ಲದೆ ಹನಿ ನೀರಾವರಿ ಪೈಪು ಎಳೆದರೆ ದುಡ್ಡು ದಂಡ. ಬೆಂಗಳೂರಿಂದ ಹಣ ಹಾಕೋ ಮೊದಲು ಇದನ್ನ ಕೇಳಿ: ಬೇಸಿಗೇಲಿ ನೀರೆಲ್ಲಿಂದ? ಕಳೆ ತೆಗೆಯೋರು ಯಾರು?

ಉತ್ತರ ಸಿಕ್ಕರೆ ಅರ್ಧ ಎಕರೆಯಲ್ಲಷ್ಟೇ ಶುರು ಮಾಡಿ. ಪಕ್ಕದ ಅರ್ಧ ಎಕರೆ ಅಪ್ಪನ ಪದ್ಧತಿಯಲ್ಲೇ ಇರಲಿ, ತಳಿಯೂ ಅದೇ. ಕಟಾವಿನ ದಿನ ಎರಡನ್ನೂ ಬೇರೆ ಬೇರೆ ತೂಗಿಸಿ, ಖರ್ಚಿನ ಚೀಟಿ ಪಕ್ಕದಲ್ಲಿಡಿ. ತರಗು ಮಾತ್ರ ಸುಡಬೇಡಿ, ಕೂಳೆ ಬೆಳೆಯ ಸಾಲಿಗೆ ಹೊದಿಸಿ. ಕೂಳೆಯಲ್ಲಿ ಬುಡ ಸತ್ತ ಜಾಗಕ್ಕೆ ಹಾಕೋಕೆ ಒಂದೆರಡು ಟ್ರೇ ಸಸಿ ಬೆಳೆಸಿ ಇಟ್ಟುಕೊಂಡಿರಿ.