ಗಣಕದ ನಮೂನೆಯಲ್ಲಿ ಅಂಗವಿನ್ಯಾಸ

'ನಮೂನೆ' ಎಂಬ ಶಬ್ದವು ಪಾರಸಿಯಿಂದ ಬಂದು ಕನ್ನಡದ ಕಚೇರಿ ಕಡತಗಳಲ್ಲಿ ಬಹುಕಾಲದಿಂದ ನೆಲೆಸಿದೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಯು ಕಾಗದದ ಮೇಲೆ ತುಂಬುತ್ತಿದ್ದ ಪ್ರವೇಶದ ನಮೂನೆಯು ಇಂದು ಅನೇಕ ಶಾಲೆಗಳಲ್ಲಿ ಗಣಕಯಂತ್ರದ ತೆರೆಯ ಮೇಲೆ ಮೂಡುತ್ತದೆ. ಹೆಸರನ್ನು ಬರೆಯುವ ಚೌಕ, ಅದರ ಪಕ್ಕದ ಶೀರ್ಷಿಕೆ, 'ಉಳಿಸು' ಎಂಬ ಗುಂಡಿ, ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ 'ಕಂಟ್ರೋಲ್' ಎಂದು ಹೆಸರು. ಇದನ್ನು 'ನಿಯಂತ್ರಕ' ಎಂದು ಅನುವಾದಿಸುವುದು ವಾಡಿಕೆಯಾದರೂ ಸಮಂಜಸವಲ್ಲ. ಅವು ಯಾರನ್ನೂ ಆಳುವುದಿಲ್ಲ. ನಮೂನೆಯೆಂಬ ಶರೀರಕ್ಕೆ ಅಂಗಗಳಾಗಿರುತ್ತವೆ.

1991ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದ ವಿಷುಯಲ್ ಬೇಸಿಕ್, ಪೆಟ್ಟಿಗೆಯಿಂದ ಉಪಕರಣವನ್ನೆತ್ತಿ ಇಡುವಂತೆ ಈ ಅಂಗಗಳನ್ನು ನಮೂನೆಯ ಮೇಲಿಡುವ ಕ್ರಮವನ್ನು ಜನಪ್ರಿಯಗೊಳಿಸಿತು. 2002ರಲ್ಲಿ ಬಂದ ವಿಂಡೋಸ್ ಫಾರ್ಮ್ಸ್ ಆ ಕ್ರಮವನ್ನೇ ಮುಂದುವರಿಸಿತು. ಕೈಯಿಂದ ಎಳೆದಿಟ್ಟಾಗ ತೆರೆಯ ಹಿಂದೆ ನಡೆಯುವುದಿಷ್ಟು: ಅಂಗವೊಂದು ಸೃಷ್ಟಿಯಾಗುತ್ತದೆ, ಅದಕ್ಕೆ ಹೆಸರು, ಸ್ಥಾನ, ಅಳತೆಗಳೆಂಬ ವಿಶೇಷಣಗಳು ಕೂಡುತ್ತವೆ, ಕಡೆಗೆ ಅದು ನಮೂನೆಯ ಅಂಗಗಳ ಪಟ್ಟಿಗೆ ಸೇರುತ್ತದೆ. ಕೈಯಿಂದಲೇ ಸೂತ್ರಗಳನ್ನು ಬರೆಯುವ ಹೊಸ ವಿದ್ಯಾರ್ಥಿಯು ಮರೆಯುವುದು ಈ ಕಡೆಯ ಹೆಜ್ಜೆಯನ್ನೇ. ಆಗ ಅಂಗವು ಯಂತ್ರದ ಸ್ಮೃತಿಯಲ್ಲಿರುತ್ತದೆ, ತೆರೆಯ ಮೇಲಿರುವುದಿಲ್ಲ. ಬರೆದ ಲಗ್ನಪತ್ರಿಕೆಯನ್ನು ಅಂಚೆಗೆ ಹಾಕದೆ ನೆಂಟರ ದಾರಿ ಕಾಯುವಂತೆ ಅವನು ಕಾಯುತ್ತಿರುತ್ತಾನೆ.

ಅಂಗಗಳಿಗೆ ಅನುಕ್ರಮವೂ ಉಂಟು. ಟ್ಯಾಬ್ ಕೀಲಿಯನ್ನೊತ್ತಿದಾಗ ಒಂದು ಚೌಕದಿಂದ ಇನ್ನೊಂದಕ್ಕೆ ಸಾಗುವ ಈ ಕ್ರಮವು ಸೊನ್ನೆಯಿಂದ ಎಣಿಕೆಯಾಗುತ್ತದೆ. ಸಾಮಾನ್ಯವಾಗಿ ಮೊದಲು ಇಟ್ಟದ್ದಕ್ಕೆ ಮೊದಲ ಸಂಖ್ಯೆ. 'ತಾಯಿಯ ಹೆಸರು' ಎಂಬ ಚೌಕವನ್ನು ಮರೆತು ಆಮೇಲೆ ನಡುವೆ ಸೇರಿಸಿದರೆ, ಕಣ್ಣಿಗೆ ನಡುವೆ ಕಂಡರೂ ಎಣಿಕೆಯಲ್ಲಿ ಅದು ಕಟ್ಟಕಡೆಯದು. ದೃಷ್ಟಿಯುಳ್ಳವನಿಗೆ ಇದೊಂದು ಕಿರುಕುಳ ಮಾತ್ರ. ತೆರೆಯನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿದ ಅಂಧ ಗುಮಾಸ್ತನಿಗಾದರೋ ಚೌಕವು ಯಾವುದೆಂದೇ ತಿಳಿಯದೆ ಹೋಗಬಹುದು. ಏಕೆಂದರೆ, ಬೇರೆ ಹೆಸರನ್ನು ಕೊಡದಿದ್ದಲ್ಲಿ, ಎಣಿಕೆಯಲ್ಲಿ ಚೌಕದ ಹಿಂದೆಯೇ ಇರುವ ಶೀರ್ಷಿಕೆಯೇ ಅದರ ಹೆಸರಾಗುತ್ತದೆ.

ಕನ್ನಡಕ್ಕೆ ಬಂದರೆ ತೊಡಕು ಇನ್ನೂ ಸೂಕ್ಷ್ಮ. 1998ರ ವಿಷುಯಲ್ ಬೇಸಿಕ್ ಆರನೆಯ ಆವೃತ್ತಿಯಲ್ಲಿಯೂ ಅದರ ಮೂಲ ಅಂಗಗಳು ಯೂನಿಕೋಡ್ ಕನ್ನಡವನ್ನು ತೋರಲಾರದೆ ಅಕ್ಷರಗಳ ಎಡೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನಿಡುತ್ತಿದ್ದವು. ವಿಂಡೋಸ್ ಫಾರ್ಮ್ಸ್‌ನಲ್ಲಿ ಆ ದೋಷವಿಲ್ಲ. ಆದರೆ ಸ್ಥಳದ ಪ್ರಶ್ನೆ ಉಳಿಯಿತು. ಇಂಗ್ಲಿಷ್ ಅಕ್ಷರಗಳು ಗೆರೆಯ ಮೇಲೆ ಪಕ್ಕಪಕ್ಕದಲ್ಲಿ ಕೂರುತ್ತವೆ. ಕನ್ನಡದ ಒತ್ತಕ್ಷರವು ಮೂಲಾಕ್ಷರದ ಅಡಿಯಲ್ಲಿ ನೆಲೆ ಬೇಡುತ್ತದೆ. ಇಂಗ್ಲಿಷ್ ಅಕ್ಷರರೂಪಕ್ಕೆ ತಕ್ಕಂತೆ ಗೊತ್ತುಮಾಡಿದ ಗಿಡ್ಡ ಚೌಕದಲ್ಲಿ ಆ ಅಡಿಯ ಭಾಗವು ಕತ್ತರಿಸಿಹೋಗಬಹುದು. ಆಗ 'ಮಲ್ಲಪ್ಪ'ನು 'ಮಲಪ'ನಾಗುತ್ತಾನೆ! ನಗೆ ಬಂದರೂ ಇದು ನಗುವ ಮಾತಲ್ಲ. ಒಳಗೆ ಹೆಸರು ಶುದ್ಧವಾಗಿಯೇ ಉಳಿದಿರಬಹುದು. ಆದರೆ ಒತ್ತನ್ನು ಬಿಟ್ಟು ಬರೆದ ತಪ್ಪು ಹೆಸರೂ ತೆರೆಯ ಮೇಲೆ ಹಾಗೆಯೇ ಕಾಣುವುದರಿಂದ ಗುಮಾಸ್ತನು ಅದನ್ನು ತಿದ್ದಲಾರನು. ಆ ತಪ್ಪು ವರ್ಗಾವಣೆ ಪತ್ರದವರೆಗೂ ಬಾಲಕನ ಬೆನ್ನುಹತ್ತುತ್ತದೆ. ಆದುದರಿಂದ ಬಲ್ಲ ವಿನ್ಯಾಸಕಾರರು ಚೌಕಕ್ಕೆ ಕನ್ನಡದ ಅಕ್ಷರರೂಪವನ್ನೇ ಮೊದಲು ಗೊತ್ತುಮಾಡಿ, 'ಜನ್ಮಸ್ಥಳ', 'ರಾಷ್ಟ್ರೀಯತೆ' ಮುಂತಾದ ಒತ್ತುಳ್ಳ ಪದಗಳನ್ನು ತುಂಬಿ ನೋಡಿದ ಮೇಲೆಯೇ ಅದರ ಎತ್ತರವನ್ನು ನಿಶ್ಚಯಿಸುತ್ತಾರೆ.