ಕ್ರಿಸ್‌ಮಸ್ ಖರ್ಚಿನ ಲೆಕ್ಕ ಮೊಂತಿ ಹಬ್ಬದಿಂದಲೇ

ಮಂಡಿಯ ಚೀಟಿ ನನ್ನ ಕೈಗೆ ಸಿಕ್ಕಿದ್ದು ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ. ಹಿರೇಕೊಡಿಗೆಯ ಮನೆಯಲ್ಲಿ ಪಪ್ಪನ ಕನ್ನಡಕ ಹುಡುಕ್ತಾ ಕ್ಯಾಲೆಂಡರ್ ಹಿಂದೆ ಕೈ ಹಾಕಿದೆ. ಡಿಸೆಂಬರ್ 22ರ ತಾರೀಕು, 20,000 ರೂಪಾಯಿ ಮುಂಗಡ. ಅಂಗಳದಲ್ಲಿ ಇನ್ನೂ ಒಣಗ್ತಿದ್ದ ಅಡಿಕೆ ಮೇಲೆ ತಗೊಂಡ ಸಾಲ.

"ಇದು ಯಾಕೆ ಪಪ್ಪಾ?" ಅಂದೆ.

"ಕ್ರಿಸ್‌ಮಸ್‌ಗೆ. ನೀನು ಬೆಂಗಳೂರಿಂದ ಅಷ್ಟೆಲ್ಲ ತರೋವಾಗ ನಾವು ಬರಿಗೈಲಿ ಇರೋಕಾಗುತ್ತಾ?"

ನಾನು ತಂದಿದ್ದು ಕ್ರೆಡಿಟ್ ಕಾರ್ಡಿನಲ್ಲಿ. ಎಲ್ಲರಿಗೂ ಬಟ್ಟೆ, ದೊಡ್ಡ ಬೇಕರಿಯ ಕೇಕು, ಮಿನುಗೋ ನಕ್ಷತ್ರ. ಮೇಲೆ ಕೊನೇ ಗಳಿಗೆಯ ಸ್ಲೀಪರ್ ಬಸ್ಸು, ಎಂದಿನ ದರದ ದುಪ್ಪಟ್ಟು. ಅಪ್ಪ ಮಗಳು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಹಬ್ಬಕ್ಕೆ ಸಾಲ ಮಾಡಿದ್ವಿ!

ಮಲೆನಾಡಿನಲ್ಲಿ ಬೆಳೆದವಳಿಗೆ ನನಗೆ ಇದು ಹೊಳೀಬೇಕಿತ್ತು. ಡಿಸೆಂಬರ್ ಅಂದ್ರೆ ನಮ್ಮಲ್ಲಿ ದುಡ್ಡು ಹೊರಗೆ ಹೋಗೋ ತಿಂಗಳು. ಕೊನೆ ಕೊಯ್ಯೋರು, ಸುಲಿಯೋರು, ಬೇಯಿಸೋರು, ವಾರವಾರವೂ ಸಂಬಳ ಕೊಡ್ಬೇಕು. ರಾಶಿ, ಬೆಟ್ಟೆ ಅಂತ ವಿಂಗಡಿಸಿ ಮಂಡಿಗೆ ಹೋಗಿ ದುಡ್ಡು ಬರೋದು ಆಮೇಲೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳದಿ ಎಲೆ ರೋಗ ತೋಟಗಳನ್ನ ತಿಂದು ಎಷ್ಟೋ ದಶಕ ಆಯ್ತು, ಈಗ ಎಲೆಚುಕ್ಕಿ ಬೇರೆ. ಅಂಥ ತಿಂಗಳಲ್ಲೇ ನಾವು ಪಟ್ಟಣದವರು ಬೋನಸ್, ಆಫರ್ ಅಂತ ಚೀಲ ತುಂಬಿಸ್ಕೊಂಡು ಇಳೀತೀವಿ.

ಅಮ್ಮನ ಲೆಕ್ಕ ಇನ್ನೊಂದು. ಸುಲಿಯೋರಿಗೆ ಚಹಾ, ತಿಂಡಿ ಕೊಟ್ಟು, ರಾತ್ರಿ ಹನ್ನೊಂದರ ತನಕ ಒಬ್ಬರೇ ಬಾಣಲೆ ಮುಂದೆ ಕೂತು ಕುಸ್ವಾರ್ ಕರೀತಿದ್ರು. ಕುಸ್ವಾರ್ ಅಂದ್ರೆ ಕೊಂಕಣಿ ಕ್ರೈಸ್ತರ ಮನೆಯ ಕ್ರಿಸ್‌ಮಸ್ ತಿಂಡಿಗಳ ತಟ್ಟೆ: ನೆವ್ರಿ, ಕಿಡಿಯೊ, ತುಕ್ಡಿ, ಚಕ್ಕುಲಿ, ಅಚ್ಚಿನಲ್ಲಿ ಅದ್ದಿ ಕರಿಯೋ ಗುಲಾಬಿ ಹೂವು. "ಹಬ್ಬದ ದಿನ ನಂಗೆ ನಿದ್ದೆ ಬಿಟ್ರೆ ಇನ್ನೇನೂ ಬೇಡ ಅನ್ಸುತ್ತೆ" ಅಂದ್ರು. ಎಷ್ಟು ವರ್ಷದಿಂದ ಹಾಗನ್ಸಿತ್ತೋ, ನಾವು ಕೇಳಿರಲಿಲ್ಲ.

ಹಾಗಾಗಿ ಕಳೆದ ವರ್ಷ ಮೊಂತಿ ಹಬ್ಬದ ಊಟ ಮುಗಿಸಿ ಅಲ್ಲೇ ಚಾಪೆ ಮೇಲೆ ಕೂತು ಮಾತಾಡಿದ್ವಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ. ಅಲ್ಲಿಂದ ಕ್ರಿಸ್‌ಮಸ್‌ಗೆ ಸರಿಯಾಗಿ 108 ದಿನ, ಹದಿನೈದು ವಾರದ ಮೇಲೆ ಸ್ವಲ್ಪ. ನಾನು, ಮಂಗಳೂರಲ್ಲಿರೋ ತಮ್ಮ, ಇಬ್ಬರೂ ವಾರಕ್ಕೆ 500 ರೂಪಾಯಿ ಬೇರೆ ಖಾತೆಗೆ ಹಾಕೋದು. ಯುಪಿಐ ಜೋಡಿಸದ ಖಾತೆ ಆಗಿರ್ಲಿ, ಇದು ಮುಖ್ಯ! ಡಿಸೆಂಬರ್‌ಗೆ 15,000 ಆಯ್ತು. ಪಪ್ಪನ ಕಡೆಯಿಂದ ತೆಂಗಿನಕಾಯಿ, ಏಲಕ್ಕಿ, ಕಾಳುಮೆಣಸು. ಮೊದಲು ಅವರು ಒಪ್ಪಲಿಲ್ಲ. "ಮಕ್ಕಳ ದುಡ್ಡಲ್ಲಿ ಹಬ್ಬನಾ?" ಅಂತ ಎದ್ದು ಹೋದ್ರು. ಅಮ್ಮನೇ ಮಂಡಿ ಚೀಟಿ ನೆನಪಿಸಿ ವಾಪಸ್ ಕೂರಿಸಿದ್ರು.

ಟಿಕೆಟ್ ವಿಷಯ ಬೇಗ ಹೇಳಿಬಿಡ್ತೀನಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನ. ಡಿಸೆಂಬರ್ 23ಕ್ಕೆ ಹೊರಡೋರು ಅಕ್ಟೋಬರ್ 24ಕ್ಕೇ ಫೋನಿನಲ್ಲಿ ಅಲಾರಂ ಇಡಿ. ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿ ಮೇಲೆ ಕೊಪ್ಪದ ಬಸ್ಸು ಹಿಡಿದ್ರೆ ಆಯ್ತು. ವಾಪಸ್ ಟಿಕೆಟ್ ಮರೀಬೇಡಿ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಅವರು 1904ರಲ್ಲಿ ಹುಟ್ಟಿದ್ದು ನಮ್ಮ ಹಿರೇಕೊಡಿಗೆಯಲ್ಲೇ, ಬೆಳೆದಿದ್ದು ಕುಪ್ಪಳಿಯಲ್ಲಿ. ಆ ವಾರ ಕವಿಶೈಲ ನೋಡೋರು, ಶೃಂಗೇರಿಗೆ ಹೋಗೋರು ಎಲ್ಲ ಒಟ್ಟಿಗೇ ಬರ್ತಾರೆ.

ಕುಸ್ವಾರ್ ಮಾತ್ರ ನಿಜಕ್ಕೂ ಬದಲಾಯ್ತು. ಮಾವ್ಶಿ ಮನೆಯಲ್ಲಿ ಚಕ್ಕುಲಿ, ತುಕ್ಡಿ. ನಮ್ಮನೇಲಿ ನೆವ್ರಿ, ಕಿಡಿಯೊ. ಗುಲಾಬಿ ಹೂವಿನ ಅಚ್ಚು ಇರೋದು ಪಕ್ಕದ ಮನೆಯ ಆಂಟಿ ಹತ್ರ, ಅದು ಅವರಿಗೇ. ಆಮೇಲೆ ಡಬ್ಬಿ ಅದಲುಬದಲು. ಡಿಸೆಂಬರ್ ಎರಡನೇ ಶನಿವಾರ ನಾನೂ ತಮ್ಮನೂ ಊರಿಗೆ ಹೋಗಿ ಕೂತ್ವಿ. ಮೈದಾಗೆ ತೆಂಗಿನಹಾಲು ಹಾಕಿ ಕಲಸಿ, ಸಣ್ಣ ಉಂಡೆ ಮಾಡಿ, ಹೊಸ ಬಾಚಣಿಗೆ ಮೇಲೆ ಒತ್ತಿ ಸುರುಳಿ ಸುತ್ತೋದು. ತಮ್ಮನ ಕಿಡಿಯೊ ನೋಡಿ ಸುಲಿಯೋಕೆ ಬಂದ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ನಗ್ತಾ ನಗ್ತಾ ಅವರೂ ಒಂದು ಗಂಟೆ ಕೈ ಹಚ್ಚಿದ್ರು. ಬೇಕರಿ ಕೇಕು ತರಲೇ ಇಲ್ಲ, ಯಾರೂ ಕೇಳಲೂ ಇಲ್ಲ. ದೀಪಾವಳಿಗೆ ಕಜ್ಜಾಯ ಕಳಿಸಿದ ಮನೆಗಳಿಗೆ ಅದೇ ತಟ್ಟೆಯಲ್ಲಿ ಕುಸ್ವಾರ್ ಹೋಯ್ತು.

ಗೋದಲಿಗೆ ಅಂಗಡಿಯಿಂದ ಏನೂ ಬೇಕಾಗಿಲ್ಲ. ತೋಟದ ಪಾಚಿ, ಅಡಿಕೆ ಹಾಳೆ, ಒಂದಿಷ್ಟು ಹುಲ್ಲು. ಹತ್ತು ದಿನ ಮೊದಲು ಹಳೇ ಡಬ್ಬದಲ್ಲಿ ರಾಗಿ ಚೆಲ್ಲಿದ್ರೆ ಹಬ್ಬಕ್ಕೆ ಹಸಿರು ಗದ್ದೆ ಸಿದ್ಧ.

ಉಡುಗೊರೆಗೆ ಚೀಟಿ ಎತ್ತಿದ್ವಿ. ಐದು ಜನ, ಒಬ್ಬರಿಗೆ ಒಂದೇ ಉಡುಗೊರೆ, 300 ರೂಪಾಯಿ ಮಿತಿ. ತಮ್ಮ ಮಿತಿ ಮೀರಿ ಅಮ್ಮನಿಗೆ ಮಿಕ್ಸಿ ತಂದ. ಬೈದೆ, ಆದರೆ ಅವನ ಸ್ವಂತ ದುಡ್ಡು, ಕಾರ್ಡಲ್ಲ ಅಂತ ಪ್ರಮಾಣ ಮಾಡಿದ. ಬಿಟ್ಟೆ.

ಲೆಕ್ಕ ಕೇಳೋರಿಗೆ: ಬಟ್ಟೆಗೆ 6,000 (ಅದರಲ್ಲಿ ಕೆಲಸದವರದ್ದೂ ಸೇರಿದೆ, ಅದನ್ನ ಮಾತ್ರ ಕಡಿಮೆ ಮಾಡೋಕೆ ಪಪ್ಪ ಬಿಡಲಿಲ್ಲ), ಮಾಂಸ ಮತ್ತು ಊಟಕ್ಕೆ 3,500, ಕುಸ್ವಾರ್ ಸಾಮಾನಿಗೆ 2,800, ಉಡುಗೊರೆ ಮತ್ತು ದೀಪಕ್ಕೆ 1,900. ಒಟ್ಟು 14,200. ಪ್ರಯಾಣ ಅವರವರದ್ದು.

ರಾತ್ರಿ ಪೂಜೆಗೆ ಹೊರಡೋ ಮುಂಚೆ ಅಮ್ಮ ಎರಡು ಗಂಟೆ ಮಲಗಿದ್ರು. ಪಪ್ಪ ಅಂಗಳದಲ್ಲಿ ಅಡಿಕೆ ಮೇಲೆ ಟಾರ್ಪಾಲು ಎಳೀತಾ ಇದ್ರು. ಒಳ್ಳೆ ದರ ಬಂದ ಮೇಲೆ ಮಾರ್ತೀನಿ ಅಂದ್ರು. ಮಾರ್ಚ್‌ವರೆಗೂ ಅದು ಅಟ್ಟದ ಮೇಲೇ ಇತ್ತು.