ನಾಯಿಯ ಕಿಡ್ನಿ ಕಾಯಿಲೆ ಮತ್ತು ಉತ್ಕರ್ಷಣ ಒತ್ತಡ

ನಾಯಿಯ ಮೂತ್ರಪಿಂಡ ಮೂರು ತಿಂಗಳಿಗೂ ಹೆಚ್ಚು ಕಾಲ ಸರಿಯಾಗಿ ಕೆಲಸ ಮಾಡದಿದ್ದರೆ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. ಮೂಲದಲ್ಲಿದ್ದ ಸೋಂಕು ವಾಸಿಯಾಗಿ, ಒಳಹೊಕ್ಕ ವಿಷ ಹೊರಹೋದ ಮೇಲೂ ಈ ಕಾಯಿಲೆ ಮುಂದುವರಿಯುವುದುಂಟು. ಇದಕ್ಕಿರುವ ಮುಖ್ಯ ಕಾರಣಗಳಲ್ಲಿ ಒಂದು, ವೈದ್ಯರು ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಕರೆಯುವ ಉತ್ಕರ್ಷಣ ಒತ್ತಡ.

ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದು ಉತ್ಕರ್ಷಣದಿಂದ. ದೇಹದೊಳಗೂ ಆಮ್ಲಜನಕ ಇಂಥ ಕೆಲಸ ಮಾಡುತ್ತಲೇ ಇರುತ್ತದೆ. ಜೀವಕೋಶದ ಮೈಟೋಕಾಂಡ್ರಿಯಾಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಅದರ ಅಲ್ಪ ಪಾಲು ಸೂಪರಾಕ್ಸೈಡ್ ಎಂಬ ಚುರುಕು ಕಣವಾಗುತ್ತದೆ. ಸೂಪರಾಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿಸಿದರೆ, ಕ್ಯಾಟಲೇಸ್ ಮತ್ತು ಗ್ಲೂಟಥಯೋನ್ ಪೆರಾಕ್ಸಿಡೇಸ್ ಕಿಣ್ವಗಳು ಆ ಪೆರಾಕ್ಸೈಡನ್ನು ನೀರಾಗಿಸುತ್ತವೆ. ಮೊದಲನೆಯ ಕಿಣ್ವದ ಈ ಕೆಲಸವನ್ನು 1969ರಲ್ಲಿ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿಕೊಟ್ಟರು. ವಿಟಮಿನ್ ಇ ಮತ್ತು ಸಿ ಕೂಡ ರಕ್ಷಣೆಗೆ ನಿಲ್ಲುತ್ತವೆ; ಮನುಷ್ಯರಿಗಿಲ್ಲದ ಅನುಕೂಲವೊಂದು ನಾಯಿಗಿದೆ, ಅದರ ಪಿತ್ತಜನಕಾಂಗವೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತದೆ. ಚುರುಕು ಕಣಗಳ ಹುಟ್ಟುವಳಿ ಈ ರಕ್ಷಣೆಯನ್ನು ಮೀರಿದಾಗ ಕೋಶಪೊರೆಯ ಕೊಬ್ಬು, ಪ್ರೋಟೀನು, ಡಿಎನ್ಎ ಹಾಳಾಗುತ್ತವೆ. ಈ ಅಸಮತೋಲನವೇ ಉತ್ಕರ್ಷಣ ಒತ್ತಡ.

ಮೂತ್ರಪಿಂಡ ಇದಕ್ಕೆ ಬೇಗ ತುತ್ತಾಗುತ್ತದೆ. ಗಾತ್ರದಲ್ಲಿ ಚಿಕ್ಕದಾದರೂ ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಪಾಲು ಎರಡು ಮೂತ್ರಪಿಂಡಗಳಿಗೇ ಹರಿಯುತ್ತದೆ. ಸೋಸಿದ ಉಪ್ಪನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳಲು ಅಲ್ಲಿನ ಸೂಕ್ಷ್ಮ ನಳಿಕೆಗಳು ಬಹಳಷ್ಟು ಆಮ್ಲಜನಕ ಬಳಸುತ್ತವೆ. ನಾಯಿಯ ಒಂದೊಂದು ಮೂತ್ರಪಿಂಡದಲ್ಲಿ ನೆಫ್ರಾನ್ ಎಂಬ ಸುಮಾರು 4 ಲಕ್ಷ ಸೋಸುವ ಘಟಕಗಳಿರುತ್ತವೆ. ಸತ್ತವುಗಳ ಜಾಗಕ್ಕೆ ಹೊಸವು ಬರುವುದಿಲ್ಲ. ಉಳಿದ ನೆಫ್ರಾನ್‌ಗಳು ಹೆಚ್ಚಿನ ಹೊರೆ ಹೊತ್ತು ದುಡಿಯುತ್ತವೆ, ಹೆಚ್ಚು ಆಮ್ಲಜನಕ ಬಳಸುತ್ತವೆ, ಹೆಚ್ಚು ಚುರುಕು ಕಣಗಳನ್ನು ಹುಟ್ಟಿಸುತ್ತವೆ. ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನು ಏರಿ ಇನ್ನಷ್ಟು ಸೂಪರಾಕ್ಸೈಡ್ ಉತ್ಪತ್ತಿಗೆ ದಾರಿ ಮಾಡುತ್ತದೆ. ಮೂತ್ರಕ್ಕೆ ಸೋರುವ ಪ್ರೋಟೀನು ನಳಿಕೆಗಳಲ್ಲಿ ಉರಿಯೂತ ತರುತ್ತದೆ. ರಕ್ತಕಣ ಹುಟ್ಟಿಸಲು ಬೇಕಾದ ಎರಿತ್ರೋಪೊಯಿಟಿನ್ ಕಡಿಮೆಯಾಗಿ ರಕ್ತಹೀನತೆ ಬಂದರೆ ಅಂಗಾಂಶಕ್ಕೆ ಆಮ್ಲಜನಕ ಸಾಲದು. ಇದ್ದ ಕೆಂಪು ರಕ್ತಕಣಗಳ ಪೊರೆಯೂ ಉತ್ಕರ್ಷಣಕ್ಕೆ ಸಿಕ್ಕಿ ಬೇಗ ಒಡೆಯುತ್ತದೆ. ಕೊನೆಗೆ ಗಾಯಗೊಂಡ ಭಾಗ ನಾರುಗಟ್ಟುತ್ತದೆ, ಮತ್ತಷ್ಟು ನೆಫ್ರಾನ್‌ಗಳು ಸಾಯುತ್ತವೆ. ಕಾಯಿಲೆಯೇ ಒತ್ತಡವನ್ನು ಹೆಚ್ಚಿಸಿ, ಒತ್ತಡವೇ ಕಾಯಿಲೆಯನ್ನು ಬೆಳೆಸುವ ಸುತ್ತು ಇದು.

ಬೆಂಗಳೂರಿನಲ್ಲಿ ಈ ಸುತ್ತು ಶುರುವಾಗಲು ಹಲವು ದಾರಿಗಳಿವೆ. ಇಲಿ, ಹೆಗ್ಗಣಗಳ ಮೂತ್ರ ಬೆರೆತ ಮಳೆನೀರಿನಿಂದ ಲೆಪ್ಟೊಸ್ಪೈರೋಸಿಸ್ ತಗಲುತ್ತದೆ. ವರ್ಷಕ್ಕೊಮ್ಮೆ ಹಾಕಿಸುವ ಸಂಯುಕ್ತ ಲಸಿಕೆಗಳಲ್ಲಿ ಅನೇಕವು ಇದರ ವಿರುದ್ಧವೂ ರಕ್ಷಣೆ ಕೊಡುತ್ತವೆ. ಉಣುಗು ಕಚ್ಚಿ ಬರುವ ಅರ್ಲಿಕಿಯಾ ಸೋಂಕು, ಅಂದರೆ ನಾಯಿ ಸಾಕುವವರು ಟಿಕ್ ಫೀವರ್ ಎನ್ನುವ ಜ್ವರ, ಮೂತ್ರಪಿಂಡದ ಸೋಸುವ ಭಾಗವನ್ನು ಕೆಡಿಸಬಲ್ಲದು. ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ಅಪಾಯಕಾರಿ.

ಅಡುಗೆಮನೆಯ ಪಾತ್ರವೂ ಇದೆ. ಹನುಮಂತನಗರ, ಬಸವನಗುಡಿ, ಚಾಮರಾಜಪೇಟೆಗಳ ಮನೆಗಳಲ್ಲಿ ಮಿಕ್ಕ ಸಾರನ್ನ, ಹುಳಿಯನ್ನ ನಾಯಿಯ ತಟ್ಟೆಗೆ ಬೀಳುವುದು ಅಪರೂಪವಲ್ಲ. ಹುಳಿಯಲ್ಲಿರುವ ಈರುಳ್ಳಿಯ ಗಂಧಕಯುಕ್ತ ಅಂಶ ನಾಯಿಯ ಹಿಮೋಗ್ಲೋಬಿನ್ನನ್ನೇ ಉತ್ಕರ್ಷಿಸಿ ರಕ್ತಕಣ ಒಡೆಯುತ್ತದೆ; ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ ಮತ್ತು ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ಹುಣಸೆ ತಿಂದ ಕೆಲವು ನಾಯಿಗಳ ಮೂತ್ರಪಿಂಡಕ್ಕೆ ಧಕ್ಕೆಯಾದ ಬಗ್ಗೆ 2022ರಲ್ಲಿ ಪಶುವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಬಂದಿತ್ತು. ಸಾರಿನಲ್ಲಿ ಹುಣಸೆ ಸ್ವಲ್ಪವೇ ಇದ್ದರೂ ಕಿಡ್ನಿ ಸೋತ ನಾಯಿಗೆ ಹಾಕದಿರುವುದು ಲೇಸು.

ಕಾಯಿಲೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಹೆಚ್ಚು ನೀರು ಕುಡಿಯುವುದು, ಪದೇ ಪದೇ ಮೂತ್ರ, ತೂಕ ಇಳಿಯುವುದು, ಊಟ ಬಿಡುವುದು, ಬಾಯಿಯ ದುರ್ವಾಸನೆ ಇದರ ಲಕ್ಷಣಗಳು. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರುವ ಹೊತ್ತಿಗೆ ಮೂತ್ರಪಿಂಡದ ಸಾಮರ್ಥ್ಯದಲ್ಲಿ ಮುಕ್ಕಾಲು ಪಾಲು ಹೋಗಿರಬಹುದು. ಎಸ್‌ಡಿಎಂಎ ಎಂಬ ರಕ್ತಪರೀಕ್ಷೆ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಐರಿಸ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಪ್ರಕಾರ ಕಾಯಿಲೆಗೆ ನಾಲ್ಕು ಹಂತ: ಕ್ರಿಯಾಟಿನಿನ್ ಡೆಸಿಲೀಟರಿಗೆ 1.4 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಮೊದಲನೆಯದು, 2.8ರವರೆಗೆ ಎರಡನೆಯದು, 5ರವರೆಗೆ ಮೂರನೆಯದು, ಅದನ್ನು ಮೀರಿದರೆ ನಾಲ್ಕನೆಯದು. ಮೊದಲ ಹಂತದಲ್ಲಿ ಕ್ರಿಯಾಟಿನಿನ್ ಸಹಜವಾಗಿಯೇ ಇರುವುದರಿಂದ ಮೂತ್ರದ ಪ್ರೋಟೀನು ಅಥವಾ ಸ್ಕ್ಯಾನಿಂಗ್‌ನಂಥ ಬೇರೆ ಆಧಾರ ಬೇಕು. ಉತ್ಕರ್ಷಣ ಒತ್ತಡವನ್ನು ಸೂಚಿಸುವ ಮ್ಯಾಲೊನ್‌ಡೈಆಲ್ಡಿಹೈಡ್‌ನಂಥ ಪದಾರ್ಥಗಳನ್ನು ಅಳೆಯುವುದು ಹೆಚ್ಚಾಗಿ ಸಂಶೋಧನೆಗಷ್ಟೇ ಸೀಮಿತ. ಖಾಸಗಿ ಕ್ಲಿನಿಕ್‌ಗಳಲ್ಲದೆ, ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ನಗರದ ನಾಯಿಗಳಿಗೆ ಚಿಕಿತ್ಸೆ ಸಿಗುತ್ತದೆ.

ಚಿಕಿತ್ಸೆಯೆಂದರೆ ಈ ಸುತ್ತನ್ನು ಹಲವು ಕಡೆ ತಡೆಯುವುದು. ರಂಜಕ ಕಡಿಮೆಯಿರುವ, ಪ್ರೋಟೀನು ಮಿತವಾಗಿರುವ ಆಹಾರ ಮೊದಲ ಹೆಜ್ಜೆ. ಬೆನಜೆಪ್ರಿಲ್, ಟೆಲ್ಮಿಸಾರ್ಟನ್‌ನಂಥ ಔಷಧಗಳು ಆಂಜಿಯೋಟೆನ್ಸಿನ್ ಪ್ರಭಾವವನ್ನು ತಗ್ಗಿಸಿ ಪ್ರೋಟೀನಿನ ಸೋರಿಕೆಯನ್ನು ಕಡಿಮೆ ಮಾಡುತ್ತವೆ. ರಕ್ತದೊತ್ತಡ ಹೆಚ್ಚಿದ್ದರೆ ಆಮ್ಲೊಡಿಪಿನ್ ಕೊಡುತ್ತಾರೆ. ಮೀನೆಣ್ಣೆಯ ಒಮೆಗಾ-3 ಕೊಬ್ಬು ಮತ್ತು ವಿಟಮಿನ್ ಇ ತರಹದ ಉತ್ಕರ್ಷಣ ನಿರೋಧಕಗಳು ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಮೂತ್ರಪಿಂಡದ ಹಾನಿಯನ್ನು ನಿಧಾನಗೊಳಿಸಿವೆ. ಹಾಗೆಂದು ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ತಿನ್ನಿಸುವುದು ಸರಿಯಲ್ಲ. ವಿಟಮಿನ್ ಡಿ ಅತಿಯಾದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು. ಕುಡಿಯುವ ನೀರು ಸದಾ ಎದುರಿಗಿರಬೇಕು, ಕ್ರಿಯಾಟಿನಿನ್, ಮೂತ್ರದ ಪ್ರೋಟೀನು, ರಕ್ತದೊತ್ತಡಗಳನ್ನು ವೈದ್ಯರು ಹೇಳಿದ ಅವಧಿಗೆ ನೋಡಿಸುತ್ತಿರಬೇಕು. ಹೋದ ನೆಫ್ರಾನ್‌ಗಳನ್ನು ಯಾವ ಔಷಧವೂ ಮರಳಿಸದು. ಉಳಿದವು ಹೆಚ್ಚು ಕಾಲ ಬಾಳುವಂತೆ ನೋಡಿಕೊಳ್ಳುವುದೇ ಚಿಕಿತ್ಸೆಯ ಗುರಿ.